ನಡಿಗೆ ಮುಗಿದ ಊರು

ವರ್ಧಾ ಪಟ್ಟಣದಿಂದ ನಾಗಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು ಐದು ಮೈಲಿ ಸಾಗಿದರೆ ಧಾಮ್ ಎಂಬ ಸಣ್ಣದೊಂದು ನದಿ ಅಡ್ಡಬರುತ್ತದೆ. ನದಿ ಎಂದರೆ ನಮ್ಮ ಕಾವೇರಿ ಕೃಷ್ಣೆಯರನ್ನು ನೆನೆಯಬೇಕಾದುದಿಲ್ಲ. ಕರಿಯ ಬಂಡೆಗಳ ನಡುವೆ ಹರಿಯುವ ಹೊಳೆ ಅಷ್ಟೆ. ಅದರ ದಡದ ದಿಬ್ಬದಮೇಲೆ ಪವನಾರದ ಆಶ್ರಮವಿದೆ. ಆಚಾರ್ಯ ವಿನೋಬಾ ಭಾವೆಯವರು 1951ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿಂದ ಕಾಲ್ನಡಗೆಯಲ್ಲಿ ದೆಹಲಿಗೆಂದು ಹೊರಟರು. ದೆಹಲಿಯನ್ನು ಮುಟ್ಟಿದ ಮೇಲೂ ಆ ನಡಿಗೆ ನಿಲ್ಲಲಿಲ್ಲ. ದೇಶದ ಉದ್ದಗಲವನ್ನೆಲ್ಲ ನಡೆದು, ಭೂಮಿಯಿದ್ದವರಿಂದ ಭೂಮಿಯಿಲ್ಲದವರಿಗಾಗಿ ಭೂಮಿಯನ್ನು ಬೇಡಿ, ಅವರು ಮತ್ತೆ ಈ ದಿಬ್ಬವನ್ನು ಹತ್ತಿದುದು 1964ನೆಯ ಇಸವಿ ಏಪ್ರಿಲ್ 10ರಂದು. ಎಂದರೆ ಹನ್ನೆರಡೂವರೆ ವರ್ಷಗಳ ಮೇಲೆ. ಹೊರಟಾಗ ಅವರಿಗೆ ಐವತ್ತಾರು ತುಂಬಿದ್ದಿತು, ಹಿಂದಿರುಗಿದಾಗ ಅರವತ್ತೆಂಟು. ಹೊಟ್ಟೆಯಲ್ಲಿ ಹಳೆಯ ಹುಣ್ಣು ಬೇರೆ ಇದ್ದ ಶರೀರ ಅದು.

ದಾನಕ್ಕಾಗಿ ನಡೆದ ನಡಿಗೆಗಳಲ್ಲಿ ಇಷ್ಟು ದೀರ್ಘವಾದುದು ನಮ್ಮ ಕಾಲಕ್ಕೆ ಹತ್ತಿರದಲ್ಲಿ ಮತ್ತೊಂದಿಲ್ಲ. ನಿವೃತ್ತರಾದ ಮೇಲೆ ಕಾಶೀ ರಾಮೇಶ್ವರಗಳಿಗೆ ಹೋಗಿ ಬರುವುದು ವಾಡಿಕೆ. ನಾವು ಮಾತ್ರ ಈ ನಡಿಗೆಯ ಎರಡು ಕೊನೆಗಳನ್ನು ನೋಡಿಬರಬೇಕೆಂದು ಎಣಿಸಿದ್ದೆವು. ಅದಕ್ಕೆ ನಮ್ಮ ಮನೆಯದೇ ಆದ ಒಂದು ಕಾರಣವೂ ಉಂಟು. ಅದನ್ನು ಮುಂದೆ ಅದರ ಎಡೆಯಲ್ಲಿ ಹೇಳುತ್ತೇವೆ. ಮನೆಯಾಕೆಯೂ ಜತೆಗೆ ಬರುವುದಾಗಿ ಹೇಳಿದಳು. ಮೊದಲ ಕೊನೆಯಾದ ಪೋಚಂಪಲ್ಲಿಯಲ್ಲಿ ಸೀರೆ ನೇಯುತ್ತಾರೆಂಬುದು ಅವಳಿಗೆ ತಿಳಿದಿದ್ದುದೂ ಈ ಉತ್ಸಾಹಕ್ಕೆ ಸ್ವಲ್ಪ ಸಹಾಯ ಮಾಡಿರಬಹುದು.

ಪೋಚಂಪಲ್ಲಿ ಹೈದರಾಬಾದಿನಿಂದ ಮೂಡಲಿಗೆ ಮೂವತ್ತು ಮೈಲಿಯ ಆಸುಪಾಸಿನಲ್ಲಿದೆ. ಈಗ ಅದರ ಹೆಸರೇ ಭೂದಾನ್ ಪೋಚಂಪಲ್ಲಿ. ಊರೊಳಗೆ ಕಾಲಿಟ್ಟರೆ ಮಗ್ಗದ ಸದ್ದು. ನೂಲನ್ನು ಮೊದಲು ನೇಯ್ದು ಬಳಿಕ ಬಣ್ಣ ಕಟ್ಟುವ ಪದ್ಧತಿ ಇಲ್ಲಿಲ್ಲ. ನೂಲನ್ನು ಚೌಕಟ್ಟಿಗೆ ಎಳೆದು, ಚಿತ್ತಾರದ ಲೆಕ್ಕಕ್ಕೆ ಸರಿಯಾಗಿ ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಮತ್ತೆ ಬೇರೆಡೆ ಕಟ್ಟಿ, ಮತ್ತೊಂದು ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದೆಡೆಗೆ ಬಣ್ಣ ಹತ್ತದು. ಹೀಗೆ ಬಣ್ಣ ಪಡೆದ ನೂಲು ಮಗ್ಗಕ್ಕೆ ಏರಿದಾಗ ಚಿತ್ತಾರ ತಾನಾಗಿಯೇ ಕೂಡಿಕೊಳ್ಳುತ್ತದೆ. ಅಂಚುಗಳು ಸ್ವಲ್ಪ ಕದಡಿದಂತೆ ಕಾಣುವುದೇ ಅದರ ಅಂದ. ಮನೆಯಾಕೆ ಒಂದು ಮನೆಯ ಜಗಲಿಯಲ್ಲಿ ಕುಳಿತವಳು ಗಂಟೆಯಾದರೂ ಏಳಲಿಲ್ಲ. ಗಂಡ ಮಗ್ಗದಲ್ಲಿದ್ದರೆ ಹೆಂಡತಿ ನೂಲು ಕಟ್ಟುತ್ತಿದ್ದಳು. ಕೆಲಸದ ಅರ್ಧಕ್ಕಿಂತ ಹೆಚ್ಚು ಹೆಂಗಸರ ಕೈಯಲ್ಲಿಯೇ ನಡೆಯುವುದೆಂದು ಇವಳ ತೀರ್ಮಾನ.

1951ರಲ್ಲಿ ಈ ಸೀಮೆಯ ಸ್ಥಿತಿ ಬೇರೆ. ನಿಜಾಮನ ಆಳ್ವಿಕೆ ಮುಗಿದು ಮೂರು ವರ್ಷವೂ ಪೂರ್ತಿಯಾಗಿರಲಿಲ್ಲ. ಸಾವಿರಾರು ಎಕರೆಗಳ ದೊರೆಗಳು ಒಂದು ಕಡೆ, ಅಂಗೈಯಗಲ ನೆಲವಿಲ್ಲದ ಕೂಲಿಗಳು ಮತ್ತೊಂದು ಕಡೆ. ನೆಲಕ್ಕಾಗಿ ಕಮ್ಯೂನಿಸ್ಟರು ಆಯುಧ ಹಿಡಿದಿದ್ದರು, ಅವರನ್ನು ಅಡಗಿಸಲು ಸರ್ಕಾರದ ದಂಡು ಬಂದಿದ್ದಿತು. ಹಗಲು ಒಬ್ಬರ ಭಯ, ರಾತ್ರಿ ಇನ್ನೊಬ್ಬರ ಭಯ. ಆ ವರ್ಷ ಹೈದರಾಬಾದಿನ ಹತ್ತಿರದ ಶಿವರಾಂಪಲ್ಲಿಯಲ್ಲಿ ಸರ್ವೋದಯ ಸಮ್ಮೇಳನ ನಡೆಯಿತು. ವಿನೋಬಾ ಅಲ್ಲಿಗೆ ರೈಲಿನಲ್ಲಿ ಬರಲಿಲ್ಲ. ಮಾರ್ಚ್ ತಿಂಗಳಲ್ಲಿ ವರ್ಧಾ ಸೀಮೆಯಿಂದ ಹೊರಟು ಮುನ್ನೂರು ಮೈಲಿಯಷ್ಟು ನಡೆದೇ ಬಂದರು. ಸಮ್ಮೇಳನ ಮುಗಿದ ಮೇಲೆ ತೆಲಂಗಾಣದ ಹಳ್ಳಿಗಳನ್ನು ಕಣ್ಣಾರೆ ನೋಡಬೇಕೆಂದು ಮತ್ತೆ ನಡೆದರು. ಏಪ್ರಿಲ್ 18ರಂದು ಪೋಚಂಪಲ್ಲಿಗೆ ಬಂದರು.

ಊರ ಹೊರಗಿನ ಹರಿಜನರ ಕೇರಿಗೆ ಹೋಗಿ ಅವರ ಕಷ್ಟವನ್ನು ವಿಚಾರಿಸಿದರು. ನಲವತ್ತು ಮನೆಯವರು, ತಮಗೆ ಎಂಬತ್ತು ಎಕರೆ ನೆಲ ದೊರೆತರೆ ಬದುಕಿಕೊಳ್ಳುತ್ತೇವೆ, ನಲವತ್ತು ತರಿ, ನಲವತ್ತು ಖುಷ್ಕಿ, ಎಂದರು. ಈ ಲೆಕ್ಕವನ್ನು ಓದುಗರು ಗಮನಿಸಬೇಕು. ನೂರು ಬೇಡಿ ಐವತ್ತಕ್ಕೆ ಇಳಿಯುವ ವ್ಯಾಪಾರದ ಲೆಕ್ಕವಲ್ಲ ಅದು. ಮನೆಗೆ ಒಂದು ಎಕರೆ ಗದ್ದೆ, ಒಂದು ಎಕರೆ ಬೆದ್ದಲು. ಉಣ್ಣುವ ಬಾಯಿಗಳನ್ನು ಎಣಿಸಿ ಹೇಳಿದ ಲೆಕ್ಕ. ವಿನೋಬಾ ಅದನ್ನು ಸರ್ಕಾರಕ್ಕೆ ಬರೆಯೋಣವೆಂದುಕೊಂಡರು. ಆಮೇಲೆ ನೆರೆದಿದ್ದ ಊರವರನ್ನೇ, ನಿಮ್ಮಲ್ಲಿ ಯಾರಾದರೂ ಇವರಿಗೆ ನೆರವಾಗುವಿರಾ ಎಂದು ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿಯೆಂಬ ಭೂಮಾಲಿಕರು ಎದ್ದುನಿಂತು ನೂರು ಎಕರೆ ಕೊಡುವುದಾಗಿ ಹೇಳಿದರು. ಕೇಳಿದುದು ಎಂಬತ್ತು, ಬಂದುದು ನೂರು. ಮುಂದೆ ಐವತ್ತೊಂದು ದಿನಗಳಲ್ಲಿ ತೆಲಂಗಾಣದ ಹಳ್ಳಿಗಳಿಂದ ಹನ್ನೆರಡು ಸಾವಿರ ಎಕರೆಗೂ ಮೇಲೆ ದಾನವಾಗಿ ಬಂದಿತು. ಭೂದಾನದ ಕಥೆ ಹೀಗೆ ಮೊದಲಾಯಿತು.

ಊರಿನಲ್ಲಿ ಅದರ ಸ್ಮಾರಕವಿದೆ. ನಾವು ಹೋದಾಗ ಬೇರೆ ಯಾತ್ರಿಕರಿರಲಿಲ್ಲ. ಸೀರೆಯ ಅಂಗಡಿಗಳಲ್ಲಿ ಮಾತ್ರ ಜನ ತುಂಬಿದ್ದರು. ಇದನ್ನು ನಾವು ಆಕ್ಷೇಪವಾಗಿ ಹೇಳುತ್ತಿಲ್ಲ. ನೇಯುವವನ ಹೊಟ್ಟೆ ತುಂಬಿಸುವವರು ಸ್ಮಾರಕ ನೋಡುವವರಿಗಿಂತ ಮೇಲು. ಸ್ಮಾರಕದ ಹೊರಗೆ ಮರದ ನೆರಳಿನಲ್ಲಿದ್ದ ಮುದುಕರೊಬ್ಬರೊಡನೆ ನಮಗೆ ಬರುವಷ್ಟು ತೆಲುಗಿನಲ್ಲಿ ಮಾತನಾಡಿದೆವು. ಭೂದಾನವೆಂದೊಡನೆ ಅವರು, "ಆ ದಿನಗಳಲ್ಲಿ ನೆಲಕ್ಕೆ ಬೆಲೆಯಿರಲಿಲ್ಲ, ಮಾತಿಗೆ ಬೆಲೆಯಿತ್ತು. ಈಗ ತಿರುಗುಮುರುಗು, ಅಯ್ಯಾ" ಎಂದು ನಕ್ಕರು. ಅವರ ಮಾತಿನಲ್ಲಿ ಸತ್ಯವುಂಟು. ಹೈದರಾಬಾದು ಬೆಳೆದು ಸುತ್ತಿನ ನೆಲದ ಬೆಲೆ ಏರಿದ ಮೇಲೆ, ದಾನವಾದ ಭೂಮಿ ಯಾರ ಕೈಗೆ ಸೇರಿತು ಎಂಬ ವ್ಯಾಜ್ಯಗಳು ಈ ಸೀಮೆಯಿಂದ ನ್ಯಾಯಾಲಯದವರೆಗೂ ಹೋಗಿವೆ.

ಅಂದು ರಾತ್ರಿಯೇ ಸಿಕಂದರಾಬಾದಿನಲ್ಲಿ ರೈಲು ಹತ್ತಿದೆವು. ಕಾಜೀಪೇಟೆ, ಬಲ್ಹಾರಶಾ ದಾರಿಯಾಗಿ ಬೆಳಗಿನ ಹೊತ್ತಿಗೆ ಸೇವಾಗ್ರಾಮದ ನಿಲ್ದಾಣ. ವಿನೋಬಾ ಒಂದು ತಿಂಗಳು ನಡೆದ ದಾರಿಯನ್ನು ನಾವು ಮಲಗಿಕೊಂಡು ಒಂದು ರಾತ್ರಿಯಲ್ಲಿ ಕಳೆದೆವು. ಗೋದಾವರಿಯನ್ನು ದಾಟಿದುದೂ ನಿದ್ದೆಯಲ್ಲಿ. ಮನೆಯಾಕೆಗೆ ನಿದ್ದೆ ಹತ್ತುವ ಮೊದಲು ಒಂದು ಪ್ರಶ್ನೆ ಬಂದಿತು.

"ಅಲ್ಲ, ನಡೆದವರು ನಡೆದು ಮುಗಿಸಿದರು. ಕೊಟ್ಟವರು ಕೊಟ್ಟು ಮುಗಿಸಿದರೆ?"

ನಡೆದುದರ ಲೆಕ್ಕ ದೊಡ್ಡದು. ವಿನೋಬಾ ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಪ್ರಾರ್ಥನೆ ಮುಗಿಸಿ, ಲಾಂದ್ರದ ಬೆಳಕಿನಲ್ಲಿ ಹೊರಟುಬಿಡುವರು. ದಿನಕ್ಕೆ ಹತ್ತು ಹನ್ನೆರಡು ಮೈಲಿ; ಬಿಸಿಲೇರುವ ಹೊತ್ತಿಗೆ ಮುಂದಿನ ಊರು; ಸಂಜೆ ಸಭೆ; ಮರುದಿನ ಮತ್ತೆ ಲಾಂದ್ರ. ಬೇಡುವ ರೀತಿಯೂ ಅವರದೇ. ನಿಮಗೆ ಐವರು ಮಕ್ಕಳಿದ್ದರೆ ನಾನು ಆರನೆಯವನೆಂದು ತಿಳಿದು ನನ್ನ ಪಾಲನ್ನು ಕೊಡಿ ಎಂಬ ಭಾವದಲ್ಲಿ ಆರರಲ್ಲೊಂದು ಪಾಲನ್ನು ಕೇಳುತ್ತಿದ್ದರು. ಸ್ಮೃತಿಗಳಲ್ಲಿ ಬೆಳೆಯ ಆರನೆಯ ಒಂದು ಭಾಗ ರಾಜನ ಪಾಲು. ಅದೇ ಪಾಲನ್ನು ಇವರು ದರಿದ್ರನ ಹೆಸರಿನಲ್ಲಿ ಕೇಳಿದರೆಂಬುದು ಸಂಸ್ಕೃತ ಓದಿಕೊಂಡ ನಮ್ಮಂಥವರಿಗೆ ತುಂಬ ರುಚಿಸುವ ಸಂಗತಿ. ದಾನವೆಂಬ ಮಾತಿಗೂ ಅವರು ಕನಿಕರದ ಅರ್ಥವನ್ನು ಒಪ್ಪುತ್ತಿರಲಿಲ್ಲ. ಶಂಕರಾಚಾರ್ಯರು ದಾನವನ್ನು ಸಂವಿಭಾಗವೆಂದು, ಎಂದರೆ ಸರಿಯಾಗಿ ಹಂಚಿಕೊಳ್ಳುವುದೆಂದು, ವಿವರಿಸಿರುವುದನ್ನೇ ಹಿಡಿದು ಮಾತನಾಡುವರು. ಬಿಹಾರದಲ್ಲಿ ಮಲೇರಿಯಾ ಜ್ವರ ಬಂದು ಪ್ರಾಣಕ್ಕೇ ಬಂದಿದ್ದಿತು. ಚೇತರಿಸಿಕೊಂಡು ಮತ್ತೆ ನಡೆದರು. 1960ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಬಂದು ಇವರ ಮುಂದೆ ಬಂದೂಕು ಕೆಳಗಿಟ್ಟರು. 1962ರಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿಯೂ ನಡೆದು ಅಲ್ಲಿಯೂ ಭೂಮಿಯನ್ನು ಪಡೆದರು.

ಕನ್ನಡನಾಡಿಗೆ ಬಂದುದು 1957ರಲ್ಲಿ. ಆ ವರ್ಷ ಸೆಪ್ಟೆಂಬರ್ 21, 22ರಂದು ಮೈಸೂರಿನ ಹತ್ತಿರ, ಹುಣಸೂರಿನ ರಸ್ತೆಯ ಯಲವಾಲದಲ್ಲಿ ಗ್ರಾಮದಾನದ ಪರಿಷತ್ತು ಕೂಡಿತು. ಪ್ರಧಾನಿ ನೆಹರೂ ಅವರೂ, ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ, ಜಯಪ್ರಕಾಶ ನಾರಾಯಣರೂ ಒಂದೇ ಚಪ್ಪರದಡಿಯಲ್ಲಿ ಕುಳಿತು ಒಂದೇ ವಿಷಯವನ್ನು ಮೆಚ್ಚಿ ಮಾತನಾಡಿದುದು ಆ ಕಾಲಕ್ಕೂ ಸೋಜಿಗ, ಈ ಕಾಲಕ್ಕಂತೂ ಹೇಳಬೇಕಾದುದಿಲ್ಲ.

ಕೊಟ್ಟುದರ ಲೆಕ್ಕಕ್ಕೆ ಬಂದರೆ ಮನೆಯಾಕೆಯ ಪ್ರಶ್ನೆ ಕಹಿಯಾಗುತ್ತದೆ. ಐದು ಕೋಟಿ ಎಕರೆ ದೊರೆಯಬೇಕೆಂಬುದು ಗುರಿ. ಬಾಯಿಮಾತಿನಿಂದಲೂ ಪತ್ರದಿಂದಲೂ ದೇಶದಲ್ಲೆಲ್ಲ ಒಟ್ಟು ಬಂದುದು ಸುಮಾರು 42 ಲಕ್ಷ ಎಕರೆ. ಅದರಲ್ಲಿ ಅರ್ಧದಷ್ಟು ಬಿಹಾರವೊಂದರಿಂದಲೇ. ಗುರಿಗೆ ಇದು ಅಲ್ಪವೆಂದರೂ, ಬರಿಯ ಕೈಯಲ್ಲಿ ಬೇಡಿದವನಿಗೆ 42 ಲಕ್ಷ ಎಕರೆ ಕೊಟ್ಟ ಜನ ಬೇರೆ ಯಾವ ದೇಶದಲ್ಲಿದ್ದಾರೆ ಎಂದು ಕೇಳಬಹುದು. ಆದರೆ 1970ರ ಸುಮಾರಿನ ಲೆಕ್ಕದಂತೆ, ಭೂಮಿಯಿಲ್ಲದವನ ಕೈಗೆ ಹಂಚಿಹೋದುದು ಹದಿಮೂರು ಲಕ್ಷದ ಆಸುಪಾಸು. ಮೂರರಲ್ಲೊಂದು ಪಾಲಿಗೂ ಸ್ವಲ್ಪ ಕಡಮೆ. ಉಳಿದುದರಲ್ಲಿ ದೊಡ್ಡ ಪಾಲು ಕಲ್ಲು, ಮರಳು, ನದೀಪಾತ್ರ, ಬೇಸಾಯಕ್ಕೆ ಒದಗದ ನೆಲ. ಕೆಲವು ವ್ಯಾಜ್ಯದಲ್ಲಿದ್ದ ನೆಲ. ಕೆಲವು ಕೊಟ್ಟವನದೇ ಅಲ್ಲ. ಇನ್ನು ಕೆಲವನ್ನು ತಂದೆ ಕೊಟ್ಟರೆ ಮಗ ಬಿಡಲಿಲ್ಲ. ನೆಲ ದೊರೆತವನಿಗೂ ಎತ್ತಿಲ್ಲ, ಬೀಜವಿಲ್ಲ. ಇದರ ಮೇಲೆ ಕಾಗದದ ತೊಡಕು. ದಾನಗಳನ್ನು ಕ್ರಮಪಡಿಸಲು ಒಂದೊಂದು ರಾಜ್ಯವೂ ಕಾಯಿದೆ ಮಾಡಬೇಕಾಯಿತು. ನಮ್ಮ ರಾಜ್ಯದ ಭೂದಾನಯಜ್ಞ ಕಾಯಿದೆ 1963ರದು. ವಿನೋಬಾ ಬಂದುಹೋಗಿ ಆಗಲೇ ಆರು ವರ್ಷ.

ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಬಲು ಎಚ್ಚರಿಕೆಯವರು. ತನ್ನ ಒಡೆತನವನ್ನು ಬಿಡುವುದಷ್ಟರಿಂದ ದಾನವಾಗದು. ಪರರ ಒಡೆತನ ಹುಟ್ಟಬೇಕು. ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರರು ದಾನದ ಸ್ವೀಕಾರವನ್ನು ಮನಸ್ಸಿನದು, ಮಾತಿನದು, ಮೈಯದು ಎಂದು ಮೂರಾಗಿ ಹೇಳುತ್ತಾರೆ. ಬಟ್ಟೆಯನ್ನೋ ಹೊನ್ನನ್ನೋ ಕೈಯಲ್ಲಿ ಹಿಡಿದುಕೊಳ್ಳಬಹುದು. ನೆಲವನ್ನು ಹಿಡಿದುಕೊಳ್ಳುವುದು ಹೇಗೆ? ಅದರ ಫಲವನ್ನು ಅನುಭವಿಸುವುದೇ ನೆಲದ ಸ್ವೀಕಾರ. ಸ್ವಲ್ಪವಾದರೂ ಅನುಭವ ಕೂಡದಿದ್ದರೆ ಭೂಮಿಯ ದಾನ ಪೂರ್ಣವಾಗದೆಂದು ಅವರ ಮತ. ಧಾರಾಪೂರ್ವಕವಾಗಿ ಕೊಟ್ಟೆವೆಂದು ಕಲ್ಲಿನಲ್ಲಿ ಕಂಡರಿಸಿದ ನಮ್ಮ ಶಾಸನಗಳೂ ಅಷ್ಟಕ್ಕೇ ಬಿಡದೆ, ಎಲ್ಲೆ ಎಲ್ಲಿ, ಹುತ್ತ ಎಲ್ಲಿ, ಹುಣಸೆಮರ ಎಲ್ಲಿ ಎಂದು ಚತುಸ್ಸೀಮೆಯನ್ನು ಎಷ್ಟು ಬೇಸರವಿಲ್ಲದೆ ಹೇಳುತ್ತವೆ! ವಿದ್ಯಾರ್ಥಿಗಳಾಗಿದ್ದಾಗ ನಮಗೆ ಅದು ಬರಿಯ ಪಟ್ಟಿಯಾಗಿ ತೋರುತ್ತಿದ್ದಿತು. ಭೂದಾನದ ಲೆಕ್ಕ ನೋಡಿದವರಿಗೆ ಆ ಪಟ್ಟಿಯ ಬೆಲೆ ತಿಳಿಯುತ್ತದೆ.

ನಮ್ಮ ಮನೆಯ ಕಾರಣವನ್ನು ಹೇಳಲು ಇದೇ ಎಡೆ. ನಮ್ಮ ಹಳ್ಳಿ ಹುಣಸೂರಿನ ಕಡೆಯದು. 1957ರಲ್ಲಿ ನಮ್ಮ ತಾತನವರು ಯಲವಾಲಕ್ಕೆ ನಡೆದುಹೋಗಿ ವಿನೋಬಾರ ಮಾತು ಕೇಳಿ, ಎರಡು ಎಕರೆ ಬೆದ್ದಲನ್ನು ದಾನಪತ್ರದಲ್ಲಿ ಬರೆದುಕೊಟ್ಟು ಬಂದರು. ಆ ಹೊಲದಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಒಂದು ಮನೆಯವರಿಗೆ ಸೇರಬೇಕೆಂಬುದು ಅವರ ಇಷ್ಟ. ಪತ್ರ ಹೋಯಿತು, ಉತ್ತರ ಬರಲಿಲ್ಲ. ಕಾಯಿದೆ ಬಂದಿತು, ಅಳತೆಯವರು ಬರಲಿಲ್ಲ. ಪಹಣಿಯಲ್ಲಿ ತಾತನವರ ಹೆಸರೇ. ಊರಿನಲ್ಲಿ ಕೆಲವರು, ಕೊಟ್ಟ ಪುಣ್ಯವೂ ಬಂದಿತು, ಹೊಲವೂ ಉಳಿಯಿತು, ಎಂದು ಹಾಸ್ಯ ಮಾಡಿದರಂತೆ.

ನಮ್ಮ ಅಜ್ಜಿ ಶಾಸ್ತ್ರ ಓದಿದವರಲ್ಲ, ಹೆಬ್ಬೆಟ್ಟೊತ್ತುತ್ತಿದ್ದವರು. ಆ ವರ್ಷ ಕಣದಲ್ಲಿ ರಾಗಿ ತೂರಿ ರಾಶಿ ಮಾಡಿದಾಗ ಅವರು ಬಂದು, ಆ ಎರಡೆಕರೆಯ ರಾಗಿಯನ್ನು ಬೇರೆ ರಾಶಿ ಹಾಕಿ ಎಂದರು. ಅದು ನಮ್ಮ ಹಗೇವಿಗೆ ಇಳಿಯಕೂಡದು. ನೀರು ಬಿಟ್ಟ ಮೇಲೆ ಫಸಲು ನಮ್ಮದಲ್ಲ, ಎಂದು ಅವರ ಹಟ. ಬಿತ್ತಿದ ಬೀಜದ ಮಟ್ಟಿಗೆ ಅಳೆದು ಇಟ್ಟುಕೊಂಡು, ಉಳಿದುದನ್ನು ಆ ಮನೆಗೆ ಕಳುಹಿಸಿದರು. ಒಂದು ವರ್ಷವಲ್ಲ, ಹದಿನಾಲ್ಕು ವರ್ಷ. ಮಳೆ ಹೋದ ವರ್ಷಗಳಲ್ಲಿ ನಮ್ಮ ಮನೆಯಲ್ಲಿಯೇ ಮುದ್ದೆಗೆ ಕೊರತೆಯಾದಾಗಲೂ ಆ ರಾಶಿಯನ್ನು ಮುಟ್ಟಗೊಡಲಿಲ್ಲವೆಂದು ನಮ್ಮ ತಾಯಿ ಹೇಳುತ್ತಿದ್ದರು. ಹೇಳುವಾಗ ಅವರ ಧ್ವನಿಯಲ್ಲಿ ಮೆಚ್ಚಿಕೆಯೊಡನೆ ಸ್ವಲ್ಪ ಸಿಟ್ಟೂ ಇರುತ್ತಿದ್ದಿತು, ಏಕೆಂದರೆ ಮಕ್ಕಳಿಗೆ ಬಡಿಸಬೇಕಾಗಿದ್ದವರು ಅವರು. ನಮ್ಮ ತಂದೆಯವರು ಕಚೇರಿಯಿಂದ ಕಚೇರಿಗೆ ಅಲೆದು 1971ರಲ್ಲಿ ಆ ನೆಲವನ್ನು ಅಳೆಸಿ, ಖಾತೆ ಮಾಡಿಸಿಕೊಟ್ಟರು. ನಮಗಾಗ ಆರು ವರ್ಷ. ನಾಲ್ಕು ಮೂಲೆಗೂ ಕಲ್ಲು ನೆಟ್ಟುದನ್ನು ನೋಡಿದ ನೆನಪಿದೆ. ತಂದೆಯವರು ಎಲೆಕ್ಕಟ್ಟಿನ ಮೇಲೆ ದಾನದ ನೀರು ಬಿಡಲು ಹೊರಟಾಗ ಅಜ್ಜಿ, "ಆ ನೀರು ನಿಮ್ಮ ತಂದೆ ಬಿಟ್ಟಾಯಿತಪ್ಪ, ಎರಡು ಸಲ ಯಾಕೆ?" ಎಂದುದೂ ನೆನಪಿದೆ. ವಿಜ್ಞಾನೇಶ್ವರರು ಕೇಳಿದ್ದರೆ ಒಪ್ಪುತ್ತಿದ್ದರೆಂದು ನಮ್ಮ ನಂಬಿಕೆ.

ಪವನಾರದ ದಿಬ್ಬ ಹತ್ತುವಾಗ ಇದೆಲ್ಲ ಮನಸ್ಸಿನಲ್ಲಿದ್ದಿತು. ಆಶ್ರಮದಲ್ಲಿ ಆಡಂಬರವಿಲ್ಲ. ವಿನೋಬಾ 1938ರಲ್ಲಿ, ಶರೀರ ತೀರ ಬಳಲಿದಾಗ, ಗಾಂಧೀಜಿಯವರ ಮಾತಿನಂತೆ ಇಲ್ಲಿಗೆ ಬಂದವರು. ಇಲ್ಲಿನ ನೆಲವನ್ನು ತಾವೇ ಅಗೆಯುತ್ತಿದ್ದಾಗ ಹಳೆಯ ಕಾಲದ ಒಂದು ಶಿಲ್ಪ ದೊರೆಯಿತು. ರಾಮ ಭರತರ ಸಮಾಗಮದ ಶಿಲ್ಪವೆಂದು ಅದನ್ನು ಆಶ್ರಮದಲ್ಲಿ ಪ್ರತಿಷ್ಠಿಸಿ ಪೂಜಿಸುತ್ತಿದ್ದಾರೆ. ಕೈಗೆ ಬಂದ ರಾಜ್ಯವನ್ನು ತನ್ನದಲ್ಲವೆಂದ ಭರತನ ವಿಗ್ರಹ ಭೂಮಿಯನ್ನು ಬೇಡಹೊರಟವನ ಗುದ್ದಲಿಗೆ ಸಿಕ್ಕಿದುದನ್ನು ಕಾಕತಾಳೀಯವೆನ್ನುವವರು ಎನ್ನಲಿ. 1959ರಲ್ಲಿ ಇಲ್ಲಿ ಬ್ರಹ್ಮವಿದ್ಯಾಮಂದಿರವೆಂಬ ಸ್ತ್ರೀಯರ ಸಮುದಾಯ ಸ್ಥಾಪಿತವಾಯಿತು. ಯಜಮಾನರೆಂಬವರಿಲ್ಲದೆ, ಎಲ್ಲರ ಒಪ್ಪಿಗೆಯಿಂದ, ಬೇಸಾಯ, ಅಡಿಗೆ, ಅಧ್ಯಯನಗಳನ್ನು ಸೋದರಿಯರೇ ನಡೆಸಿಕೊಂಡು ಬಂದಿದ್ದಾರೆ. ಸೋದರಿಯರು ಒಟ್ಟಾಗಿ ವಿಷ್ಣುಸಹಸ್ರನಾಮವನ್ನು ಹೇಳುವ ಹೊತ್ತಿಗೆ ನಾವು ಅಲ್ಲಿದ್ದೆವು. ಮರಾಠಿ ನಾಲಗೆಯ ಸಂಸ್ಕೃತ ನಮ್ಮ ಕಿವಿಗೆ ಸ್ವಲ್ಪ ಬೇರೆ; ಸ್ಪಷ್ಟತೆಯಲ್ಲಿ ನಮ್ಮಲ್ಲಿನ ಅನೇಕ ಪಂಡಿತರಿಗಿಂತ ಮೇಲು.

ಕೆಳಗೆ ಧಾಮ್ ನದಿಯ ಬಂಡೆಗಳು. 1948ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು ಈ ನೀರಿನಲ್ಲಿ ಬಿಟ್ಟರು. ವಿನೋಬಾ ದಿಬ್ಬಕ್ಕೆ ಹಿಂದಿರುಗಿದ ಮೇಲೂ ಸುಮ್ಮನೆ ಕೂರಲಿಲ್ಲ. 1965ರಲ್ಲಿ ಮತ್ತೆ ಹೊರಟು, ಕಾಲಿಗೆ ಶಕ್ತಿ ಸಾಲದೆ ಈ ಸಲ ವಾಹನದಲ್ಲಿ, ಬಿಹಾರವನ್ನು ಸುತ್ತಿದರು. 1970ರಲ್ಲಿ ಇಲ್ಲಿಯೇ ನೆಲಸಿ ಕ್ಷೇತ್ರಸಂನ್ಯಾಸ ತೊಟ್ಟರು. 1982ರ ನವೆಂಬರ್‌ನಲ್ಲಿ ಅನ್ನವನ್ನೂ ಔಷಧವನ್ನೂ ಬಿಟ್ಟು, 15ನೆಯ ತಾರೀಖು ದೇಹವನ್ನೂ ಬಿಟ್ಟರು. ಅವರಿದ್ದ ಕೋಣೆಯನ್ನು ನೋಡಿದೆವು.

ಮಧ್ಯಾಹ್ನ ಸೋದರಿಯೊಬ್ಬರು ಊಟಕ್ಕೆ ಕರೆದರು. ವಯಸ್ಸು ಎಂಬತ್ತರ ಹತ್ತಿರವಿರಬಹುದು. ಮನೆಯಾಕೆ ಹುಡುಗಿಯಾಗಿದ್ದಾಗ ಹಿಂದೀ ಪರೀಕ್ಷೆಗಳನ್ನು ಕೊಟ್ಟವಳು. ಆ ಹಿಂದಿಯಲ್ಲಿ ತಾತನವರ ಎರಡೆಕರೆಯ ಕಥೆಯನ್ನೂ ಅಜ್ಜಿಯ ರಾಗಿಯ ಕಥೆಯನ್ನೂ ಅವರಿಗೆ ಹೇಳಿದಳು. ಸೋದರಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಪುಣ್ಯದ ಮಾತಾಗಲಿ ಹೊಗಳಿಕೆಯಾಗಲಿ ಅವರ ಬಾಯಿಂದ ಬರಲಿಲ್ಲ.

"ಆ ಹೊಲದಲ್ಲಿ ಈಗ ಯಾರಿದ್ದಾರೆ, ತಾಯಿ?"

"ಕೊಂಡವರಲ್ಲ, ಅವರೇ ಇದ್ದಾರೆ. ಮೊಮ್ಮಗ ಉಳುತ್ತಾನೆ."

"ಈ ವರ್ಷ ಏನು ಬೆಳೆ?"

"ಒಂದು ಎಕರೆ ರಾಗಿ, ನಡುವೆ ಅವರೆಯ ಸಾಲು. ಇನ್ನೊಂದು ಎಕರೆ ಹೊಗೆಸೊಪ್ಪು." ಹುಣಸೂರಿನ ಕಡೆ ಹೊಗೆಸೊಪ್ಪು ಹೆಚ್ಚೆಂಬುದು ಓದುಗರಿಗೆ ತಿಳಿದೇ ಇದೆ.

ಸೋದರಿಯ ಹುಬ್ಬು ಮೇಲಕ್ಕೇರಿತು. "ಹೊಗೆಸೊಪ್ಪೆ!" ಎಂದರು.

ಮನೆಯಾಕೆ ಹಿಂದೀ ಪದಗಳಿಗಾಗಿ ಕ್ಷಣಕಾಲ ತಡೆದು, "ಏನು ಮಾಡುವುದು ಅಮ್ಮ, ನೆಲ ಅವರದು" ಎಂದಳು.

ಸೋದರಿ ಗಟ್ಟಿಯಾಗಿ ನಕ್ಕು, ಸೌಟನ್ನು ಎತ್ತಿಕೊಂಡು, ನಮ್ಮಿಬ್ಬರ ತಟ್ಟೆಗೂ ಇನ್ನೊಂದು ಸುತ್ತು ತೊವ್ವೆ ಬಡಿಸಿದರು.